ಹತ್ತುವುದಕ್ಕೆ ಮಾತ್ರ

ಹೊಸೂರಿನ ಕಂಪನಿಯಲ್ಲಿ ನನ್ನ ಕೆಲಸ
ಹಿಮಕ್ಕೆ ಟಿಕೆಟ್ ಮಾಡುವುದು.

ನಗಬೇಡಿ. ಬಿಳೀ ಕಾರ್ಡು, ಅಂಗೈಯೊಳಗೆ ಮುಚ್ಚಬಹುದು.
ಅದರ ಹೊಟ್ಟೆಯಲ್ಲಿ ಕೂದಲೆಳೆಯ ತಾಮ್ರದ ಸುರುಳಿ,
ಸಾಸಿವೆಯಷ್ಟು ಒಂದು ಚಿಪ್ಪು.
ಯಾವುದೋ ದೇಶದಲ್ಲಿ, ಬೆಟ್ಟದ ಬುಡದಲ್ಲಿ,
ಜೇಬಲ್ಲಿಟ್ಟುಕೊಂಡು ಸುಮ್ಮನೆ ನಿಂತರೆ ಸಾಕಂತೆ.
ಗೇಟು ತಾನೇ ತೆರೆದು, ತಂತಿಗೆ ನೇತುಬಿದ್ದ ಕುರ್ಚಿ
ಹಿಂದಿನಿಂದ ಬಂದು ಮೊಣಕಾಲು ಮಡಿಸಿ ಕೂರಿಸಿಕೊಂಡು
ಮೇಲಕ್ಕೊಯ್ಯುತ್ತದಂತೆ. ಅಲ್ಲಿಂದ ಜಾರಿ ಇಳಿಯುವುದು.
ಮತ್ತೆ ಕುರ್ಚಿ. ಮತ್ತೆ ಜಾರುವುದು. ಸಂಜೆತನಕ.

"ಇಳಿಯೋದಕ್ಕೆ ದುಡ್ಡಿಲ್ವಾ?" ಕೇಳಿದಳು ಚಿಕ್ಕಿ, ಅವರೆಕಾಯಿ ಬಿಡಿಸುತ್ತಾ.
ಇಲ್ಲ. ಹತ್ತೋದಕ್ಕೆ ಮಾತ್ರ.
"ಹಂಗಾದ್ರೆ ಸರಿ. ಎಲ್ಲಾ ಕಡೆನೂ ಅಷ್ಟೇ."

ನನ್ನದು ಮೂರನೇ ಬೆಂಚು, ತಪಾಸಣೆ.
ಪೆಟ್ಟಿಗೆಗೆ ಕಾರ್ಡು ತೋರಿಸಬೇಕು: ಕುಂಯ್ ಅಂದರೆ ಪಾಸು,
ಮಾತಾಡದಿದ್ದರೆ ಕೆಂಪು ಬುಟ್ಟಿ.
ಒಂದು ಪಾಳಿಗೆ ನಾಲ್ಕು ಸಾವಿರ ಕುಂಯ್.
ಮಲಗಿದ ಮೇಲೂ ಕಿವಿಯೊಳಗೆ ಯಾರೋ
ಬೆಟ್ಟ ಹತ್ತುತ್ತಲೇ ಇರುತ್ತಾರೆ.

ಒಂದು ದಿನದ ಟಿಕೆಟ್ಟಿಗೆ ಎಷ್ಟೆಂದು
ಸೂಪರ್‌ವೈಸರ್ ಸೆಲ್ವಮಣಿ ಮೊಬೈಲಿನಲ್ಲಿ ನೋಡಿ,
ರೂಪಾಯಿಗೆ ತಿರುಗಿಸಿ, ತಮಿಳಿನಲ್ಲಿ ಹೇಳಿದ.
ನಾನು ಕನ್ನಡದಲ್ಲಿ ಲೆಕ್ಕ ಹಾಕಿದೆ:
ನನ್ನ ಇಪ್ಪತ್ತೆರಡು ದಿನ.
ಪಕ್ಕದ ಬೆಂಚಿನ ಸುಬ್ಬಲಕ್ಷ್ಮಿ ತೆಲುಗಿನಲ್ಲಿ ಹಾಕಿ ನೋಡಿದಳು.
ಅವಳಿಗೂ ಅಷ್ಟೇ ಬಂತು.
ಬೇಸಿಗೆಯಲ್ಲೇ ಕೊಂಡಿಟ್ಟರೆ ಅಗ್ಗವಂತೆ, ಅವತ್ತೇ ಗೇಟಿಗೆ ಹೋಗಿ ಕೇಳಿದರೆ ದುಬಾರಿ.
ಬೆಟ್ಟ ಮಾತ್ರ ಅದೇ.

ನವೆಂಬರಿಗೆ ಇಡೀ ಚಳಿಗಾಲದ ಪಾಸುಗಳು ಬರುತ್ತವೆ, ಫೋಟೋ ಸಮೇತ.
ಒಬ್ಬಳು ಮುದುಕಿ.
ಹುಟ್ಟಿದ ವರ್ಷ ಕಳೆದು ನೋಡಿದೆ, ಎಪ್ಪತ್ತೊಂಬತ್ತು.
ಮುಂದಿನ ಒಂದು ಹಲ್ಲಿಲ್ಲ. ಮುಚ್ಚಿಕೊಂಡೂ ಇಲ್ಲ.
ಅಚ್ಚು ಕೆಟ್ಟು ಅವಳ ಹಣೆಯ ಮೇಲೊಂದು ಗೆರೆ ಬಿದ್ದಿತ್ತು,
ಅಡ್ಡಕ್ಕೆ, ವಿಭೂತಿ ಬಳಿದ ಹಾಗೆ.
ಕುಂಯ್ ಅಂದಳು. ಆದರೂ ಕೆಂಪು ಬುಟ್ಟಿ, ರೂಲು.
ಬುಟ್ಟಿಗೆ ಮುಂಚೆ ತೂತು ಹೊಡೆಯಬೇಕು.
ಯಂತ್ರದ ಬಾಯಿಗೆ ಇಡುವಾಗ ಕಾರ್ಡು ತಿರುಗಿಸಿದೆ,
ಮುಖಕ್ಕೆ ಬೀಳದ ಹಾಗೆ.

ಮಧ್ಯಾಹ್ನ ಮತ್ತೆ ಬಂದಳು, ಗೆರೆಯಿಲ್ಲದೆ.
ಬರಿಯ ಹಣೆ. ಮೊದಲಿನದೇ ಚೆನ್ನಾಗಿತ್ತು ಅನಿಸಿತು.
ಹೋಗು ತಾಯಿ, ಹುಷಾರು, ಅಂತ ಕಳಿಸಿದೆ.

ಅವತ್ತೇ ಓಟಿ ಅಂತ ನಿಂತು ಕಂಪನಿ ಬಸ್ಸು ತಪ್ಪಿತು.
ರಾತ್ರಿ ಹತ್ತೂವರೆ, ತಳಿ ರಸ್ತೆ, ಮೊಳದಾಚೆ ಕಾಣದ ಮಂಜು.
ಮೂರು ಬೈಕು ನಿಲ್ಲಲಿಲ್ಲ. ನಿಲ್ಲದಿದ್ದುದೇ ಒಳ್ಳೆಯದಾಯಿತೇನೋ.
ಎಲೆಕೋಸು ಇಳಿಸಿ ಖಾಲಿ ಬರುತ್ತಿದ್ದ ಗಾಡಿಗೆ ಕೈ ಚಾಚಿದೆ,
ಲಿಫ್ಟ್ ಕೊಡ್ತೀರಾ ಅಣ್ಣಾ?

ಲಗುಮಪ್ಪನ ಪಕ್ಕದಲ್ಲಿ ಹೂವಿನ ತೋಟದ ಇಬ್ಬರು ಹೆಂಗಸರು, ಒಂದು ಮಗು.
"ಹಿಂದೆ ಹತ್ತಮ್ಮ."
ಹತ್ತಿದೆ. ಖಾಲಿ ಕ್ರೇಟುಗಳ ನಡುವೆ, ಮುರಿದ ಎಲೆಗಳ ಮೇಲೆ.
ಏರಿನಲ್ಲಿ ಗಾಡಿ ಉಬ್ಬಸಪಟ್ಟಿತು.
ಕೊರಳಿನ ಕಂಪನಿ ಕಾರ್ಡು ಎದೆಗೆ ಪಟಪಟ ಬಡಿಯುತ್ತಿತ್ತು,
ಯಾವ ಗೇಟೂ ಇಲ್ಲ, ಅದಕ್ಕೆ ಗೊತ್ತಿಲ್ಲ.
ಕಾಲು ಜೋತುಬಿಟ್ಟು ಕೂತು ನೋಡಿದೆ:
ಕೆಳಗೆ ರಸ್ತೆಯಿಲ್ಲ, ಬಿಳಿ.
ಆ ಮುದುಕಿಗೂ ಹೀಗೇ ಕಾಣುತ್ತದೋ ಏನೋ.
ಅವಳಿಗೆ ಎಲೆಕೋಸಿನ ವಾಸನೆ ಇರುವುದಿಲ್ಲ.

ಇಳಿದು ಇಪ್ಪತ್ತು ರೂಪಾಯಿ ಚಾಚಿದೆ.
"ಹತ್ತುವಾಗ ಕೇಳಲಿಲ್ಲ, ಇಳಿಯುವಾಗ ಕೇಳ್ತೀನಾ?"
ಲೈಟು ಮಂಜಿನೊಳಗೆ ಹಳದಿಯಾಗಿ, ಮಸುಕಾಗಿ, ಹೋಯಿತು.

ರಸ್ತೆಯಿಂದ ನಮ್ಮ ಮನೆಗೆ ಇಳಿಜಾರು,
ನೆಂದ ಹಾಸುಬಂಡೆ.
ಚಪ್ಪಲಿ ಕಳಚಿ ಕೈಗೆ ತೆಗೆದುಕೊಂಡೆ.
ಎರಡು ಹೆಜ್ಜೆ ತಾವಾಗಿ ಜಾರಿದವು.
ಮೂರನೆಯದನ್ನು
ನಾನೇ ಜಾರಿಸಿದೆ.