ಬಲಗಡೆ ವಿಂಗಿನಿಂದ

ನಾನು ಕೂತದ್ದು ಬಲಗಡೆ ವಿಂಗಿನಲ್ಲಿ,
ಮುರುಕು ಸ್ಟೂಲು, ತೊಡೆಯ ಮೇಲೆ ಸ್ಕ್ರಿಪ್ಟು,
ಕಂಕುಳಲ್ಲಿ ಟಾರ್ಚು.
ಯಶವಂತಪುರದ ಬಲ್ಬು ಕಾರ್ಖಾನೆ, ಲಲಿತಕಲಾ ಸಂಘ,
ರಾಜ್ಯೋತ್ಸವಕ್ಕೆ ವರ್ಷಕ್ಕೊಂದು ನಾಟಕ.
ಆ ಸಲ ಐತಿಹಾಸಿಕ ದುರಂತ.
ದುರಂತ ಅಂತ ಪಾಂಪ್ಲೆಟ್ಟಿನಲ್ಲೇ ಅಚ್ಚಾಗಿತ್ತು,
ಆಮೇಲೆ ಯಾರೂ ನಮ್ಮನ್ನು ದೂರುವ ಹಾಗಿರಲಿಲ್ಲ.

ರಾಜ, ಗ್ಯಾಸ್ ಫಿಲ್ಲಿಂಗಿನ ಮರಿಸ್ವಾಮಿ.
ಕಂಠ ಕಂಚು. ನೆನಪು ಜರಡಿ.
"ನೀವು ಅನ್ನಿ ಸಾರ್, ನಾನು ಅಂತೀನಿ" ಎಂದಿದ್ದ.
ಆ ಮಾತಿಗೆ ತಪ್ಪಲಿಲ್ಲ, ಪುಣ್ಯಾತ್ಮ.

ಸಿಂಹಾಸನ ಶ್ರೀರಾಮಪುರದ ಸಲೂನಿನದು,
ಕೂತೊಡನೆ ಗಿರ್ರನೆ ತಿರುಗಿತು.
ಮಹಾರಾಜರು ಪ್ರಜೆಗಳಿಗೆ ಬೆನ್ನು ಹಾಕಿ
ಪರದೆಯ ಮೇಲಿನ ಅರಮನೆ ನೋಡುತ್ತಾ
ಕ್ಷಾಮದ ಬಗ್ಗೆ ಮರುಗಿದರು.
ರಾಣಿ ಸಗಾಯಮೇರಿ, ಪ್ಯಾಕಿಂಗ್ ಸೆಕ್ಷನ್ನು,
ಒಡೆಯುವ ಮಾಲು ಎತ್ತಿ ಪಳಗಿದ ಕೈಯಲ್ಲಿ
ಮೆಲ್ಲಗೆ ಅವರನ್ನು ಇತ್ತ ತಿರುಗಿಸಿದಳು.

ಮೀಸೆ ಜಾರಿತು.
"ಮೀಸೆ, ಮೀಸೆ" ಎಂದು ಪಿಸುಗುಟ್ಟಿದೆ.
"ಮೀಸೆ! ಮೀಸೆ!" ಗರ್ಜಿಸಿದ ದೊರೆ.
ಮಂತ್ರಿ ಏನೂ ತೋಚದೆ ತನ್ನದನ್ನೇ ಕಿತ್ತು
ಹರಿವಾಣದಲ್ಲಿಟ್ಟು ಒಪ್ಪಿಸಿದ.
"ಅಯ್ಯೋ, ನಿನ್ನ ಮನೆ ಹಾಳಾಗ" ಅಂದೆ.
ಅದೂ ಬಂತು, ರಾಗವಾಗಿ,
ಕೈಯೆತ್ತಿ ಹರಸುವ ಭಂಗಿಯಲ್ಲಿ.
ಮುಂದಿನ ಸಾಲಲ್ಲಿ ಜನರಲ್ ಮ್ಯಾನೇಜರು
ಕರವಸ್ತ್ರ ಬಾಯಿಗೆ ತುರುಕಿಕೊಂಡರು.

ಕೊನೆಯ ದೃಶ್ಯ. ವಿಷದ ಬಟ್ಟಲು.
ಕರೆಂಟು ಹೋಯಿತು.
ದಿನಕ್ಕೆ ನಲವತ್ತು ಸಾವಿರ ಬಲ್ಬು ಮಾಡುವವರು
ಕತ್ತಲಲ್ಲಿ ಕೂತೆವು, ಹೆಂಡತಿ ಮಕ್ಕಳ ಸಮೇತ.
ಟಾರ್ಚು ತೆಗೆದು ಹಾಳೆ ತಿರುವಿದೆ:
ಮೂವತ್ತೊಂದು, ಮೂವತ್ತೆರಡು, ಆಮೇಲೆ ರಟ್ಟು.
ಸಂಜೆ ಕ್ಯಾಂಟೀನ್ ಹುಡುಗ ಬೋಂಡ ಕಟ್ಟಿ ಕೊಟ್ಟದ್ದು
ಯಾವ ಕಾಗದದಲ್ಲಿ ಎಂದು
ಆಗ ಹೊಳೆಯಿತು.

"ಮುಂದಿನ ಹಾಳೆ ಇಲ್ಲ" ಅಂದೆ,
ಅವನಿಗಲ್ಲ, ನನಗೇ.

ಕತ್ತಲಿನಿಂದ ಆ ಕಂಚು:
"ಮುಂದಿನ...
ಹಾಳೆ...
ಇಲ್ಲ."
ದೊಪ್ಪನೆ ಬಿದ್ದ ಸದ್ದು.

ನಗು ನಿಂತಿತು. ಅಷ್ಟು ಜನರ ನಡುವೆ
ಯಾರೋ ಮೂಗು ಏರಿಸಿದ್ದು ಕೇಳಿಸಿತು.
ಚಪ್ಪಾಳೆ ಶುರುವಾದದ್ದು ಹಿಂದಿನ ಬೆಂಚಿನಿಂದ,
ರಾತ್ರಿ ಪಾಳಿಗೆ ಹೊರಟು ನಿಂತಿದ್ದವರಿಂದ.

ಈಗ ಕಾರ್ಖಾನೆ ಇದ್ದಲ್ಲಿ ಅಪಾರ್ಟ್‌ಮೆಂಟು.
ಮಾರ್ಕೆಟ್ಟಿನಲ್ಲಿ ಈರುಳ್ಳಿ ಆರಿಸುತ್ತಾ ಸಿಗುತ್ತಾನೆ ಮರಿಸ್ವಾಮಿ,
ಮೀಸೆ ಸ್ವಂತದ್ದು, ಬೆಳ್ಳಗೆ.
"ಆ ಕೊನೇ ಮಾತು ಯಾರು ಬರೆದದ್ದು ಸಾರ್?
ಎಂಥಾ ಮಾತು!"

"ಬೋಂಡ ಚೆನ್ನಾಗಿತ್ತು" ಅನ್ನುತ್ತೇನೆ.
"ಬೋಂಡ ಚೆನ್ನಾಗಿತ್ತು" ಅನ್ನುತ್ತಾನೆ,
ತಟ್ಟನೆ,
ತುಂಬಿದ ಸಭೆಗೆ ಕೇಳುವಂತೆ.