ಮೂವತ್ತೊಂದು ಸರ

ಬಿಚ್ಚಲೇಬೇಕಾ, ಎಂದಳು ಸಣ್ಣು ಗೌಡ.
ಮೂವತ್ತೊಂದು ಸರ, ನಡುವೆ ಒಂದು ಸೇಫ್ಟಿಪಿನ್ನು;
ಕಾರವಾರದ ಆಸ್ಪತ್ರೆಯ ಟ್ರೇ ತುಂಬಿತು.
ಕೆಳಗೆ, ಬಿಸಿಲನ್ನೇ ಕಾಣದ ಕುತ್ತಿಗೆ.

ಉಗುಳು ನುಂಗು, ಅಂದೆ.
ಗಂಟೂ ಎದ್ದು ಇಳಿಯಿತು,
ಉಬ್ಬರಕ್ಕೆ ದಕ್ಕೆಯ ದೋಣಿ ಏಳುವಂತೆ.
ಎಷ್ಟು ದಿನವಾಯಿತು?
ಸರ ಬಿಗಿಯಾಯ್ತು, ದಾರ ಉದ್ದ ಮಾಡಿಕೊಂಡೆ.

ಸೂಜಿಯ ವರದಿ ಓದಿ ಹೇಳಿದೆ.
ಬುಟ್ಟಿಯಲ್ಲಿ ಬಸಳೆ ಬಾಡ್ತದೆ, ಹೋಗ್ಲಾ?

ಗಂಟಿನ ಬೆನ್ನಿಗೆ
ಬಲೆಯ ನೂಲಿನಷ್ಟು ಬಿಳಿ ನರ,
ದನಿ ನಡೆಯುವ ದಾರಿ.
ಅದನ್ನು ನೋಯಿಸದೆ ಗಂಟು ಬಿಡಿಸಲು ಮೂರು ತಾಸು.
ನನ್ನ ಗಂಟಲೇ ಒಣಗಿತ್ತು.

ಎಚ್ಚರವಾದಾಗ ಬಗ್ಗಿದೆ: ಏನಾದರೂ ಮಾತಾಡು.
ತುಟಿ ಅಲುಗಿತು. ದನಿಯಿಲ್ಲ.
ಮತ್ತೆ ಅಲುಗಿತು.
“ಕಟ್ಟಿಗೆ ಇಪ್ಪತ್ತು. ಕಮ್ಮಿಯಿಲ್ಲ.”

ಹೊಲಿಗೆ ಒಣಗುವ ತನಕ ಸರ ಹಾಕಬೇಡ ಎಂದಿದ್ದೆ.
ಬೆಳಗಿನ ರೌಂಡ್ಸಿಗೆ ಹೋದರೆ
ಮಣಿಕಟ್ಟಿನಿಂದ ಮೊಳಕೈವರೆಗೆ
ಸುತ್ತಿಕೊಂಡು ಕೂತಿದ್ದಾಳೆ,
ಮೂವತ್ತೊಂದನ್ನೂ.