ನೆಳ್ಳಾಗ ಹಾಕ್ರಿ

ಕಾಲುವೆ ಒಡೆದದ್ದು ರಾತ್ರಿ ಎರಡಕ್ಕೆ.
ಬೆಳಗ್ಗೆ ಕಾರಟಗಿಯ ಉಪಕೇಂದ್ರದಲ್ಲಿ ಬೀರು ತೆರೆದರೆ
ಮೂವತ್ತೊಂದು ವರ್ಷದ ಹೆರಿಗೆ ರಿಜಿಸ್ಟರುಗಳು
ಹೊಟ್ಟೆ ಉಬ್ಬಿ, ಒಂದಕ್ಕೊಂದು ಬಿಗಿದು
ಎಳೆದರೂ ಬರಲೊಲ್ಲವು.

ತೆರೆಯಬೇಡ, ಎಂದರು ಫೋನಿನಲ್ಲಿ ಯಾರೋ ತಿಳಿದವರು.
ಹಸಿಯಲ್ಲಿ ತೆರೆದರೆ ಹರಿದೀತು,
ಬಿಟ್ಟರೆ ಮೂರನೆಯ ದಿನಕ್ಕೆ ಬೂಷ್ಟು.
ತಣ್ಣಗಿಡು.
ಮಾರ್ಚಿನ ಕೊನೆಗೆ ಈ ಊರಲ್ಲಿ ತಣ್ಣಗೆ ಎಲ್ಲಿ?
ಮೌಲಾಸಾಬನ ಐಸ್ ಕ್ಯಾಂಡಿ ಫ್ಯಾಕ್ಟರಿಯಲ್ಲಿ
ಕೇಸರಿ, ಹಸಿರು ಕಡ್ಡಿಗಳ ಪಕ್ಕ
ಹನ್ನೊಂದು ದಿನ ಮಲಗಿದವು
ಅರ್ಧ ಊರಿನ ಹುಟ್ಟು.
ಮಕ್ಕಳು ಇಣುಕಿ ಕೇಳಿದವು, ಇದ್ಯಾವ ಫ್ಲೇವರ್ರು?

ಒಂದೊಂದೇ ಹೊರತೆಗೆದು
ಕ್ಯಾಂಪಿನ ರಾಜುಗಾರು ಅವರ ಮಿಲ್ಲಿನ ಕಾಂಕ್ರೀಟ್ ಕಣದಲ್ಲಿ ಹರಡಿದೆ.
ಹತ್ತು ಗಂಟೆಯ ಬಿಸಿಲು, ಹಂಚು ಕಾಯುವ ಬಿಸಿಲು.
ಭತ್ತ ಕೆದರುತ್ತಿದ್ದ ಹುಲಿಗೆವ್ವ
ಮರದ ಹಲಗೆ ಅಲ್ಲೇ ಬಿಟ್ಟು ಬಂದಳು.
"ನೆಳ್ಳಾಗ ಹಾಕ್ರಿ ಸಾಹೇಬ್ರ.
ಒಮ್ಮೆಲೆ ಕಾಸಿದ್ರ ನೆಲ್ಲು ಒಳಗೊಳಗ ಸೀಳತೈತಿ,
ಮಿಲ್ಲಿಗೆ ಹಾಕಿದಾಗ ಬರೇ ನುಚ್ಚು."

ಗೋದಾಮಿನ ತಗಡಿನ ಕೆಳಗೆ, ಎರಡು ಟೇಬಲ್ ಫ್ಯಾನು.
ಆಕೆಗೆ ಅಕ್ಷರ ಬಾರದು.
ಅದಕ್ಕೇ ಇರಬೇಕು, ನನ್ನ ಹಾಗೆ ಓದುತ್ತ ನಿಲ್ಲಲಿಲ್ಲ.
ಕಸಬರಿಗೆಯಿಂದ ಕಡ್ಡಿ ಎಳೆದು, ತೊಳೆದು,
ಹಲ್ಲಲ್ಲಿ ಕಚ್ಚಿ ಚಪ್ಪಟೆ ಮಾಡಿ
ಹಾಳೆ ಹಾಳೆಯ ನಡುವೆ ತೂರಿಸಿದಳು,
ಉಬ್ಬಿದ ರೊಟ್ಟಿಯ ಪದರು ಎಬ್ಬಿಸುವಂತೆ.
ನಡುವೆ ನಾನೊಂದು ಬಿಳಿ ಕಾಗದ ಇಡುವುದು.
(ಮೊದಲು ಹಳೇ ಪೇಪರು ಇಟ್ಟಿದ್ದೆ.
ಯಾವುದೋ ಕೂಸಿನ ಬೆನ್ನಿಗೆ
ಬೆಳ್ಳಿಯ ಧಾರಣೆ ಅಂಟಿತ್ತು.)

ಎಲ್ಲ ಎಸ್ತರಮ್ಮ ಸಿಸ್ಟರ್ ಬರೆದ ಸಾಲು.
ಮೊದಲಿನವು ನಿಬ್ಬಿನ ಪೆನ್ನಿನ ಗುಂಡು ಅಕ್ಷರ,
ಈಗ ನೀಲಿ ಹೊಂಡ.
ಆಮೇಲೆ ಪೆನ್ನು ಕಳೆಯಿತೋ ಏನೋ, ಎರಡು ರೂಪಾಯಿಯ ಬಾಲ್‌ಪೆನ್ನು.
"ಸರ್ಕಾರಿ ದಾಖಲೆ ಶಾಯಿಯಲ್ಲೇ ಬರೆಯತಕ್ಕದ್ದು"
ಎಂದು ಅಂಚಿನಲ್ಲಿ ಮೇಲಧಿಕಾರಿಯ ಕೆಂಪು ಗದರಿಕೆ ಇತ್ತು, ನಾನೇ ಓದಿದ್ದೆ.
ಗದರಿಕೆ ತೊಳೆದುಹೋಗಿದೆ.
ಬಾಲ್‌ಪೆನ್ನು ಹಾಗೇ ಇದೆ:
ಗಂಡು, ಹೆಣ್ಣು, ಹೆಣ್ಣು,
ನಸುಕಿನ ನಾಲ್ಕು ಹತ್ತು,
ಎರಡು ಕಿಲೊ ಆರುನೂರು.

ಇಲ್ಲಿ ಶಾಲೆಗೆ ಹೋದವರೆಲ್ಲ ಹುಟ್ಟಿದ್ದು ಜೂನ್ ಒಂದಕ್ಕೆ.
ನಾನೂ. ಹೆಡ್‌ಮಾಸ್ತರರು ಕೊಟ್ಟ ಹುಟ್ಟು.
ನಿಜದ್ದು ಇಲ್ಲಿ, ಫ್ಯಾನಿನ ಗಾಳಿಗೆ ಪಟಪಟ.

ನಾಲ್ಕನೆಯ ದಿನ ತಲೆ ಎತ್ತದೆ ಕೇಳಿದಳು:
"ನಂದೊಂದು ಇರಬೇಕ್ರಿ ಇದರಾಗ.
ಎರಡನೇ ಬೆಳೀಗೆ ನೀರು ಬಿಟ್ಟ ರಾತ್ರಿ.
ಹೆಣ್ಣು.
ಒಂಬತ್ತು ದಿನ ಇತ್ತು."

ರೇಷನ್ ಕಾರ್ಡಿಗೆ ಏರದ್ದು,
ಜೂನ್ ಒಂದೂ ಸಿಗದ್ದು.
ಹಿರಿಮಗನ ವಯಸ್ಸಿನಿಂದ, ಮಿಲ್ಲಿಗೆ ಹೊಸ ಚಿಮಣಿ ಬಂದದ್ದರಿಂದ
ವರ್ಷ ಲೆಕ್ಕ ಹಾಕಿದೆವು.
ಶಾಯಿಯ ವರ್ಷ.
ಹೊಂಡದ ದಂಡೆಗೆ ಉಳಿದದ್ದು "...ಗೆಮ್ಮ ಗಂ."
ಆಚೆಗೆ "೧.೯".
ಹುಲಿಗೆಮ್ಮನೋ, ಗಂಗೆಮ್ಮನೋ.
ಎದುರು ಪುಟದ ಯಾರದೋ ಹೆಸರು
ತಿರುವುಮುರುವಾಗಿ ಅದರ ಮೇಲೆ ಮಲಗಿದೆ.

ಪೆನ್ನು ಜೇಬಿನಲ್ಲೇ ಇತ್ತು.
ಉಳಿದದ್ದು ತುಂಬಬಹುದಿತ್ತು, ಯಾರು ನೋಡುತ್ತಾರೆ.
ಬರೆಯಲಿಲ್ಲ.
ಅಕ್ಕಿಯ ಗಂಜಿ ತೆಳ್ಳಗೆ ಸವರಿ
ಗಾಳಿಪಟದ ಕಾಗದದ ಚೂರನ್ನು ಹರಿದ ಅಂಚಿಗೆ ಒತ್ತಿದೆ.
"ಯಾವುದ್ರಿ?"
ಬೆರಳಿಟ್ಟು ತೋರಿಸಿದೆ.
ನೋಡಿದಳು. ಮುಟ್ಟಲಿಲ್ಲ.
"ಮಗ್ಗಲ ತಿರುವ್ರಿ, ಕೆಳಗಿನ್ನೂ ಹಸಿ ಐತಿ."

ಕೂಲಿ ಹಾಳೆಯಲ್ಲಿ ಬರೆದೆ:
ಕಾಗದ ಒಣಗಿಸಿದ್ದು, ಆರು ದಿನ.
ನೇರಳೆ ಪ್ಯಾಡಿಗೆ ಒತ್ತಿ ಹೆಬ್ಬೆಟ್ಟು ಇಟ್ಟಳು.
ಮಡಚಹೋದೆ, ಕೈ ಅಡ್ಡ ತಂದಳು.
"ಆರಲಿ, ತಡೀರಿ."

ಇಬ್ಬರೂ ನಿಂತೆವು.
ಮಿಲ್ಲಿನ ತೌಡು ಹಾರಿ ಬಂದು
ಅಲ್ಲಲ್ಲಿ ಕೂರುತ್ತಿತ್ತು.